ಬೀವರ್ ಬಿಲ್ಲೆ ಹೋದ ದಾರಿ

ಫೆಬ್ರವರಿ 11

ಉಳಿಯ ಅಮ್ಮನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಇದನ್ನು ಒಡೆಯದೆ ಎತ್ತಿಟ್ಟರೂ ನಾನು ತಪ್ಪು ತಿಳಿಯುವುದಿಲ್ಲ. ಒಡೆದಿದ್ದರೆ, ಸಂಗತಿ ಚಿಕ್ಕದು.

ಬೀವರ್ ಬಿಲ್ಲೆ ಸಿಕ್ಕಿದೆ.

ಉಳಿಗೆ ಏಳು ತುಂಬಿದಾಗ ನಾನು ತರಿಸಿಕೊಟ್ಟಿದ್ದ ಹಿತ್ತಾಳೆ ಬಿಲ್ಲೆ. ಕೋಟಿನ ಗುಂಡಿಗಿಂತ ತುಸು ದೊಡ್ಡದು. ಒಂದು ಬದಿಗೆ ದಿಮ್ಮಿ ಕಡಿಯುತ್ತಾ ಕೂತ ಬೀವರ್, ಇನ್ನೊಂದು ಬದಿಗೆ ಆರು ಅಕ್ಷರದ ಗುರುತು. ಆಗಷ್ಟೇ ಅವಳಿಗೆ ಮುಂದಿನ ಎರಡು ಹಲ್ಲು ಅಗಲವಾಗಿ ಬಂದಿದ್ದವು. ನಾನು ಅವಳನ್ನು ಉಳಿ ಎಂದು ಕರೆಯಲು ಶುರುಮಾಡಿದ್ದೂ ಆಗಲೇ. "ಬೀವರ್ ಅಂದ್ರೆ ನಮ್ಮ ಕಸುಬಿನ ಪ್ರಾಣಿ ಕಣೇ. ಹಲ್ಲೇ ಅದರ ಉಳಿ. ಮರ ಕಡಿದು ಹೊಳೆಗೆ ಒಡ್ಡು ಕಟ್ಟುತ್ತೆ" ಎಂದು ಹೇಳಿದ್ದೆ. ಅವಳು ಒಂದು ವಾರ ಪೆನ್ಸಿಲ್ಲುಗಳನ್ನೆಲ್ಲ ಕಡಿದಿಟ್ಟಳು. ನೀನು ನನಗೆ ಬೈದಿದ್ದೆ.

ಆ ಆಟ ನಮ್ಮಿಬ್ಬರದಾಗಿತ್ತು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆಯೇ ಹೊರತು ಸೇರಿಕೊಂಡಿರಲಿಲ್ಲ. ಆದ್ದರಿಂದ ಹೇಳುತ್ತೇನೆ. ಜಿಯೋಕ್ಯಾಶಿಂಗ್ ಆಡುವವರು ಊರೂರಲ್ಲಿ ಪುಟ್ಟ ಡಬ್ಬಿಗಳನ್ನು ಬಚ್ಚಿಟ್ಟು, ಜಾಗದ ಗುರುತನ್ನು ಎಲ್ಲರಿಗೂ ಕಾಣುವಂತೆ ಫೋನಿಗೆ ಹಾಕುತ್ತಾರೆ. ಹುಡುಕಿದವರು ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡುತ್ತಾರೆ. ಅದರಲ್ಲಿ ಇಂಥ ಬಿಲ್ಲೆ ಸಿಕ್ಕರೆ ಒಯ್ದು ಬೇರೆ ಊರಿನ ಡಬ್ಬಿಗೆ ಹಾಕಬೇಕು, ತಾವೇ ಇಟ್ಟುಕೊಳ್ಳುವಂತಿಲ್ಲ. ಬಿಲ್ಲೆ ಎಲ್ಲೆಲ್ಲಿ ಹೋಯಿತೆಂದು ಅದರ ಆರು ಅಕ್ಷರದ ಗುರುತನ್ನು ಫೋನಿನಲ್ಲಿ ಒತ್ತಿದರೆ ಕಾಣುತ್ತದೆ. ನನ್ನ ಮರಗೆಲಸದ ಕಾರ್ಖಾನೆಯ ಹಿಂದಿನ ಬೇಲಿಗೂಟದಲ್ಲಿ ನಾವೂ ಒಂದು ಡಬ್ಬಿ ಇಟ್ಟಿದ್ದೆವು. ಅಲ್ಲಿಂದಲೇ ಬಿಲ್ಲೆಯನ್ನು ಹೊರಡಿಸಿದ್ದು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಉಳಿ ತಾನೇ ಬರೆದಿದ್ದಳು: "ನನಗೆ ಬೀವರ್ ಕಟ್ಟಿದ ಒಡ್ಡು ತೋರಿಸಿ. ಆಮೇಲೆ ಮನೆಗೆ ಕಳಿಸಿ."

ನೀವಿಬ್ಬರೂ ಹೋದ ಮೇಲೂ ನಾನು ಆ ಡಬ್ಬಿಯನ್ನು ತೆಗೆದಿಲ್ಲ. ಮೊನ್ನೆ ಒಳಗೆ ಒದ್ದೆಯಾಗಿದೆಯೇ ನೋಡೋಣವೆಂದು ತೆರೆದರೆ ಬಿಲ್ಲೆ ಕೂತಿದೆ. ಪುಸ್ತಕದಲ್ಲಿ ಯಾರೋ "ಬೀವರ್ ಮನೆಗೆ ಬಂದಿದೆ" ಎಂದು ಬರೆದಿದ್ದಾರೆ. ಗ್ರಂಥಾಲಯದ ಗುಮಾಸ್ತೆಯ ಹತ್ತಿರ ಗುರುತು ಒತ್ತಿಸಿ ನೋಡಿದೆ. ನಾಲ್ಕು ವರ್ಷದಲ್ಲಿ ಎರಡು ರೈಲು ನಿಲ್ದಾಣ, ಒಂದು ದೀಪಸ್ತಂಭ, ಒಂದು ಆಸ್ಪತ್ರೆಯ ತೋಟ. ನಡುವೆ ಹದಿನಾಲ್ಕು ತಿಂಗಳು ಯಾರದೋ ಮನೆಯ ಡ್ರಾಯರಿನಲ್ಲಿ ಮಲಗಿತ್ತಂತೆ. ಬೀವರ್ ಒಡ್ಡು ಮಾತ್ರ ನೋಡಿಲ್ಲ.

ಚೀಟಿಯಲ್ಲಿ ಮನೆ ಎಂದಿದೆ, ಯಾವುದು ಎಂದಿಲ್ಲ. ನಾನು ಅಂಚೆಯಲ್ಲಿ ಅಲ್ಲಿಗೆ ಕಳಿಸಲೇ? ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ ಉತ್ತರ ಬರುವವರೆಗೆ ಅದನ್ನು ಜೇಬಿನಲ್ಲಿಟ್ಟುಕೊಂಡಿರುವ,
ಉಳಿಯ ತಾತ


ಫೆಬ್ರವರಿ 27

ನಮಸ್ಕಾರ.

ಪತ್ರ ತಲುಪಿತು. ಬಿಲ್ಲೆಯನ್ನು ಇಲ್ಲಿಗೆ ಕಳಿಸುವುದು ಬೇಡ. ಉಳಿ ಈ ಊರಿಗೆ ಈಗೀಗ ಒಗ್ಗಿಕೊಂಡಿದ್ದಾಳೆ. ವರ್ಷಕ್ಕೆರಡು ಸಲ ನಿಮ್ಮ ಮಗ ಬಂದು ನೋಡಿಕೊಂಡು ಹೋದಾಗಲೇ ಒಂದು ವಾರ ಅವಳ ಊಟ, ಪಾಠ ಎಲ್ಲ ಏರುಪೇರಾಗುತ್ತದೆ. ಆ ಮನೆಯ ವಸ್ತು ಇನ್ನೊಂದು ಬರುವುದು ನನಗೆ ಇಷ್ಟವಿಲ್ಲ. ಆಟದ ನಿಯಮ ಹೇಗಿದೆಯೋ ಹಾಗೆ ಮಾಡಿ.

ಈ ಪತ್ರವನ್ನು "ಮಾವ" ಎಂದು ಶುರುಮಾಡಿ ಹರಿದೆ. "ಮಾನ್ಯರೇ" ಎಂದು ಬರೆದು ನೋಡಿದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಚೇರಿಗೆ ದೂರು ಕೊಟ್ಟಂತೆ ಕಂಡಿತು. ಹಾಗಾಗಿ ಬರೀ ನಮಸ್ಕಾರ.

ಉಳಿಯ ಅಮ್ಮ


ಮಾರ್ಚ್ 16

ಉಳಿಯ ಅಮ್ಮನಿಗೆ,

ನೀನು ಹೇಳಿದಂತೆ ಬಿಲ್ಲೆಯನ್ನು ಕಳಿಸಿಕೊಟ್ಟಾಯಿತು. ನಮ್ಮ ಬೇಲಿಗೂಟದಲ್ಲೇ ಬಿಟ್ಟರೆ ಮತ್ತೆ ವರ್ಷಗಟ್ಟಲೆ ಕೂತೀತೆಂದು ಉತ್ತರದ ಕಡೆ ಹೋಗುವ ಬಸ್ಸು ಹತ್ತಿದೆ. ಬೀವರ್‌ಗಳಿರುವ ಹೊಳೆ ಆ ದಿಕ್ಕಿನಲ್ಲಿದೆ ಎಂದು ಗುಮಾಸ್ತೆ ನಕ್ಷೆಯಲ್ಲಿ ತೋರಿಸಿದ್ದಳು. ಕೊನೆಯ ನಿಲ್ದಾಣದ ಪಕ್ಕ ಒಂದು ಕಾಲುಸೇತುವೆ ಇದೆ, ಅದರ ಕೈಕಂಬಿಯ ಕೆಳಗೆ ಡಬ್ಬಿ.

ಹುಡುಕುವುದು ಎಂದರೆ ಮಂಡಿಯೂರಲೇಬೇಕು. ಊರಿದ್ದು ಸುಲಭವಾಯಿತು, ಏಳುವುದು ಆಗಲಿಲ್ಲ. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ನಿಂತಳು.

"ಏನಾದ್ರೂ ಕಳ್ಕೊಂಡ್ರಾ?"

"ಇಲ್ಲಮ್ಮ, ಇಡೋಕೆ ಬಂದೆ."

"ಏನನ್ನ?"

"ಬೀವರ್‌ನ."

ಅವಳು ನಾಯಿಯ ಹಗ್ಗ ಬಿಗಿ ಹಿಡಿದು ಆಚೆ ಬದಿಗೆ ಸರಿದು ಹೋದಳು. ಆಮೇಲೆ ಹೇಗೋ ಕಂಬಿ ಹಿಡಿದು ಎದ್ದೆ. ಡಬ್ಬಿಯ ಪುಸ್ತಕದಲ್ಲಿ ಹೆಸರಿನ ಜಾಗದಲ್ಲಿ "ಬಡಗಿ" ಎಂದು ಬರೆದೆ. ಊರಿಗೆ ಬಂದು ಗುಮಾಸ್ತೆಯ ಹತ್ತಿರ ಫೋನಿನಲ್ಲೂ ಅದೇ ಹೆಸರು ಹಾಕಿಸಿದೆ.

ಇನ್ನೊಂದು ಮಾತು ಬರೆಯಬೇಕಿತ್ತು. ಕಾಗದದಲ್ಲಿ ಜಾಗವಿಲ್ಲ ಎಂದರೆ ನೀನು ನಂಬುವುದಿಲ್ಲ, ತಿರುಗಿಸಿದರೆ ಹಿಂಬದಿ ಪೂರ್ತಿ ಖಾಲಿ ಇದೆ.

ಅದನ್ನು ಖಾಲಿಯೇ ಬಿಟ್ಟು ಕಳಿಸುತ್ತಿರುವ,
ತಾತ


ಏಪ್ರಿಲ್ 9

ಮಾವ,

ಬೇರೆ ಪದ ಹುಡುಕುವಷ್ಟು ಪುರುಸೊತ್ತಿಲ್ಲ, ಇದೇ ಇರಲಿ.

ಉಳಿ ಶಾಲೆಯ ಕಂಪ್ಯೂಟರಿನಲ್ಲಿ ಬಿಲ್ಲೆಯ ಗುರುತು ಒತ್ತಿ ನೋಡುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷದಿಂದ ನೋಡುತ್ತಿದ್ದಳಂತೆ. ಮೊನ್ನೆ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಬಂದು, "ಅಮ್ಮ, ಬೀವರ್ ಓಡಾಡಿದೆ. ಬಡಗಿ ಅಂತ ಯಾರೋ ಇಟ್ಟಿದ್ದಾರೆ. ತಾತನೇ ಅಲ್ವಾ?" ಎಂದಳು.

"ನಂಗೇನ್ ಗೊತ್ತು" ಎಂದೆ.

ಅವಳು ನನ್ನ ಮುಖ ನೋಡಿ ಚೀಲ ಇಳಿಸಿದಳು. ಅವಳಿಗೆ ನಾನು ಸುಳ್ಳು ಹೇಳಿದ್ದು ಅದೇ ಮೊದಲೇನಲ್ಲ, ಆದರೆ ಸಿಕ್ಕಿಬಿದ್ದದ್ದು ಮೊದಲು. ಅವತ್ತಿನಿಂದ ನಿಮ್ಮನ್ನೇ ಕೇಳಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಪತ್ರದ ಹಿಂಬದಿಯನ್ನು ನಾನೇ ತುಂಬುತ್ತೇನೆ.

ಮೊದಲು ಇಲ್ಲಿಯದನ್ನು ಹೇಳುತ್ತೇನೆ. ನ್ಯಾಯಾಲಯ ನೇಮಿಸಿದ ಮಹಿಳಾ ಅಧಿಕಾರಿಯೊಬ್ಬರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಬರುತ್ತಾರೆ. ಕೆಟ್ಟವರಲ್ಲ. ಕಾಲೊರಸಿಗೆಯ ಮೇಲೆ ಬೂಟು ಚೆನ್ನಾಗಿ ಉಜ್ಜಿಯೇ ಒಳಗೆ ಕಾಲಿಡುತ್ತಾರೆ. ಒಲೆಯ ಗುಂಡಿ ತಿರುಗಿಸಿ ನೋಡುತ್ತಾರೆ, ಔಷಧಿಯ ಕಪಾಟು ತೆರೆಯುತ್ತಾರೆ, ಆಮೇಲೆ ಉಳಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡು, "ಅಮ್ಮ ನಿನ್ನನ್ನ ಒಬ್ಬಳೇ ಬಿಟ್ಟು ಹೋಗ್ತಾಳಾ?" ಎಂದು ಕೇಳುತ್ತಾರೆ. ಮೂವತ್ತೊಂದು ಸಲ ಕೇಳಿದ್ದಾರೆ. ಅವಳಿಗೆ ಹದಿನಾಲ್ಕಾಗುವವರೆಗೂ ಕೇಳುತ್ತಾರೆ. ಅಲ್ಲಿಯವರೆಗೆ ನಾನು ಅವಳನ್ನು ಹತ್ತು ನಿಮಿಷವೂ ಒಂಟಿಯಾಗಿ ಬಿಡುವಂತಿಲ್ಲ. ಕಟ್ಟುಹಲ್ಲಿನ ಲ್ಯಾಬಿನಲ್ಲಿ ನಾನು ಅರ್ಧಕ್ಕೆ ಕೆಲಸ ಬಿಟ್ಟು ಏಳುವುದು ಎಲ್ಲರಿಗೂ ಅಭ್ಯಾಸವಾಗಿದೆ. ಮೇಣದಲ್ಲಿ ಕೂರಿಸಿದ ಹಲ್ಲು ತಣ್ಣಗಾಗುವ ಮೊದಲೇ ಗಡಿಯಾರ ನೋಡುತ್ತೇನೆ. ಸಂಜೆಯ ತಂಡವನ್ನು ನೀನೇ ನೋಡಿಕೋ ಎಂದು ಎರಡು ಸಲ ಕೇಳಿದರು, ಆಗುವುದಿಲ್ಲ ಎಂದೆ. ಈಗ ಕೇಳುವುದಿಲ್ಲ.

ಇದೆಲ್ಲ ಒಂದೇ ಒಂದು ಮಾತಿನಿಂದ ಬಂದದ್ದು. ಉಳಿಗೆ ಜ್ವರವಿದ್ದ ದಿನ ನಾನು ಮೆಟ್ಟಿಲಿಳಿದು ನಿಮ್ಮ ಕಾರ್ಖಾನೆಯ ಬಾಗಿಲಿಗೆ ಬಂದೆ. "ಮಾವ, ಔಷಧಿ ಅಂಗಡಿಗೆ ಹೋಗ್ಬರ್ತೀನಿ, ಉಳಿ ಮಲಗಿದ್ದಾಳೆ, ಸ್ವಲ್ಪ ಮೇಲೆ ಹೋಗಿ ನೋಡ್ಕೊಳ್ಳಿ" ಎಂದೆ. ನೀವು ಬೆನ್ನು ಹಾಕಿ ನಿಂತಿದ್ದಿರಿ. ನಾನು ಬರುವಷ್ಟರಲ್ಲಿ ಅವಳು ಎದ್ದು ಒಲೆಯ ಮೇಲಿನ ನೀರನ್ನು ಕೈಮೇಲೆ ಸುರಿದುಕೊಂಡಿದ್ದಳು. ವಿಚ್ಛೇದನದ ವಿಚಾರಣೆಯಲ್ಲಿ ವಕೀಲರು ನಿಮ್ಮನ್ನು, "ಸೊಸೆ ನಿಮಗೆ ಹೇಳಿ ಹೋಗಿದ್ರಾ?" ಎಂದು ಕೇಳಿದರು. ನೀವು "ಇಲ್ಲ" ಎಂದಿರಿ.

ಮೂರು ವರ್ಷ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೇನೆ. ಮಷೀನಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ, ಪಾಪ, ಮುದುಕರು ಸುಳ್ಳು ಹೇಳುವವರಲ್ಲ ಎಂದು. ಹೌದು ತಾನೇ? ಕೇಳಿಸಿರಲಿಲ್ಲ ತಾನೇ?

ಉಳಿಯ ಅಮ್ಮ


ಏಪ್ರಿಲ್ 14

ಮಗಳೇ,

ಕೇಳಿಸಿತ್ತು. ಮಷೀನು ಆಫ್ ಆಗಿತ್ತು.

ನಾನು ಒಂದು ಬಾಗಿಲಿಗೆ ಕೀಲು ಕೂರಿಸುತ್ತಿದ್ದೆ. "ಹ್ಞೂಂ" ಎಂದೆ. ನೀನು ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಿಲ್ಲ, ಆದರೆ ನಾನು ಅಂದದ್ದು ನಿಜ. ಇದೊಂದು ತಿರುಪು ಬಿಗಿದು ಹೋಗೋಣ ಎಂದುಕೊಂಡೆ. ತಿರುಪು ವಾರೆಯಾಯಿತು, ಬಿಚ್ಚಿ ಮತ್ತೆ ಹಾಕಿದೆ. ಅಷ್ಟರಲ್ಲಿ ಮೇಲಿಂದ ಕೂಗು ಕೇಳಿಸಿತು.

ಆಸ್ಪತ್ರೆಯಲ್ಲಿ ಮಗ "ಅವಳು ಯಾರಿಗೂ ಹೇಳದೆ ಹೋಗಿದ್ಲಾ?" ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅವನು ಅದನ್ನೇ ಹೌದು ಎಂದುಕೊಂಡ. ಆಮೇಲೆ ನಿಮ್ಮಿಬ್ಬರ ಜಗಳ ನ್ಯಾಯಾಲಯಕ್ಕೆ ಹೋಯಿತು. ವಕೀಲರು ಕೇಳಿದಾಗ ನನ್ನೆದುರು ಇದ್ದದ್ದು ಎರಡೇ ದಾರಿ. ಹೌದು ಎಂದರೆ ಮೊಮ್ಮಗಳ ಕೈ ಸುಟ್ಟದ್ದು ನನ್ನಿಂದ. ಇಲ್ಲ ಎಂದರೆ ನಿನ್ನಿಂದ. ಮಗನಿಗೋಸ್ಕರ ಹೇಳಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅದೂ ಸುಳ್ಳು. ನನಗೋಸ್ಕರವೇ ಹೇಳಿದ್ದು.

ನೀನು ನನಗೆ ಒಂದು ನೆಪ ಮಾಡಿಟ್ಟಿದ್ದೀಯ ಎಂದು ಓದಿದಾಗ ನಾನು ಕೆಲಸದ ಮೇಜಿನ ಹತ್ತಿರ ಹೋಗಿ ಕೂತೆ. ಆ ನೆಪವನ್ನು ತೆಗೆದುಕೊಳ್ಳಲಾರೆ.

ಅಧಿಕಾರಿ ಬರುವ ವಿಚಾರ ನನಗೆ ತಿಳಿದಿರಲಿಲ್ಲ. ಮಗ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿನ್ನೆ ವಕೀಲೆಯೊಬ್ಬಳ ಹತ್ತಿರ ಹೋಗಿ ಹೇಳಿಕೆ ತಿದ್ದಲು ಅರ್ಜಿ ಬರೆಸಿ ರುಜು ಹಾಕಿದೆ. "ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೇ ತಿರುಗಬಹುದು ಅಜ್ಜ" ಎಂದಳು. "ತಿರುಗಲಿ" ಎಂದೆ. ದೊಡ್ಡಸ್ತಿಕೆಯಿಂದಲ್ಲ. ಬೇರೆ ಮಾತು ಹೊಳೆಯಲಿಲ್ಲ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ.

ನಿನ್ನ ಮಾವ


ಜೂನ್ 2

ಮಗಳೇ,

ನೀನು ಬರೆದಿಲ್ಲ. ಬರೆಯುವೆ ಎಂದು ನಾನೂ ಕಾದಿರಲಿಲ್ಲ. ನಡೆದದ್ದನ್ನು ನಿನಗೆ ತಿಳಿಸುವುದು ನನ್ನ ಕೆಲಸ, ಅದಕ್ಕೆ ಇದು.

ಕಳೆದ ವಾರ ನ್ಯಾಯಾಲಯಕ್ಕೆ ಕರೆಸಿದರು. ಅದೇ ಕೋಣೆ, ಅದೇ ಅಲುಗಾಡುವ ಕಟಕಟೆ. ಎಡಗಡೆಯ ಕಾಲಿಗೆ ಒಂದು ಚಕ್ಕೆ ಕೊಟ್ಟರೆ ಸರಿಹೋಗುತ್ತದೆ, ಮೂರು ವರ್ಷದಿಂದ ಯಾರೂ ಕೊಟ್ಟಿಲ್ಲ. ನ್ಯಾಯಾಧೀಶೆ ಕನ್ನಡಕ ತೆಗೆದು ಕೇಳಿದರು, "ಇಷ್ಟು ದಿನ ಬಿಟ್ಟು ಈಗ ಯಾಕೆ ಹೇಳ್ತಿದ್ದೀರಿ?"

"ಮೊನ್ನೆ ಅವಳು ಕೇಳಿದ್ಲು."

"ಅಂದ್ರೆ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ವಾ?"

"ಇಲ್ಲೇ ವಕೀಲರು ಕೇಳಿದ್ರು. ನಿಮ್ಮೆದುರೇ ಸುಳ್ಳು ಹೇಳಿದೆ."

ಅವರು ಬಹಳ ಹೊತ್ತು ಬರೆದುಕೊಂಡರು. ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟರು. ಹಾಗೆ ಬಿಟ್ಟದ್ದು ನನಗೆ ಸಮಾಧಾನವಾಗಲಿಲ್ಲ, ಆದರೆ ಇನ್ನೊಂದು ಶಿಕ್ಷೆ ಕೊಡಿ ಎಂದು ಕೇಳಿಕೊಳ್ಳಲೂ ಇಲ್ಲ. ಆದೇಶವನ್ನು ಮತ್ತೆ ನೋಡುತ್ತೇವೆ ಎಂದಿದ್ದಾರೆ.

ಮಗ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ. "ನೀನು ನನ್ನಪ್ಪನಾ, ಅವಳಪ್ಪನಾ?" ಎಂದ.

"ಅವಳು ಅವತ್ತು ನನಗೆ ಹೇಳಿ ಹೋಗಿದ್ಲು ಕಣೋ."

"ಅದನ್ನ ನನಗೆ ಅವತ್ತೇ ಹೇಳಿದ್ರೆ ನಾನು ಇಷ್ಟೆಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದ. ಮುಂದೆ ಏನು ಹೇಳಲಿದ್ದನೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ನೀವಿಬ್ಬರೂ ಬೇರೆಯಾಗಲು ಬೇರೆ ಕಾರಣಗಳೂ ಇದ್ದವು, ನಾನು ಬಲ್ಲೆ. ಆದರೆ ಇದೂ ಒಂದು. ಭಾನುವಾರ ಬರುತ್ತಿದ್ದವನು ಈಗ ಬರುವುದಿಲ್ಲ. ಅವನಿಗೆಂದು ಇಟ್ಟ ಎರಡನೇ ಕಪ್ಪನ್ನು ತೊಳೆದು ಮೇಲಿಟ್ಟಿದ್ದೇನೆ.

ಬಿಲ್ಲೆಯನ್ನು ಕಾಲುಸೇತುವೆಯಿಂದ ಯಾರೋ ಪಶುವೈದ್ಯೆ ತೆಗೆದುಕೊಂಡಿದ್ದಾಳೆ ಎಂದು ಗುಮಾಸ್ತೆ ಹೇಳಿದಳು. ಉಳಿಯೂ ನೋಡಿರಬೇಕು.

ಮಾವ


ಜೂನ್ 30

ತಾತ,

ನಾನು ಉಳಿ. ಈ ಪತ್ರ ಅಮ್ಮ ಓದಿದ್ದಾಳೆ, ಆದರೆ ತಪ್ಪು ತಿದ್ದಿಲ್ಲ, ಯಾಕೆಂದರೆ ತಪ್ಪೇ ಇಲ್ಲ.

ಬೀವರ್ ಬಿಲ್ಲೆ ಒಡ್ಡು ನೋಡಿತು! ಪಶುವೈದ್ಯೆ ಫೋಟೋ ಹಾಕಿದ್ದಾರೆ. ಕಡ್ಡಿ, ಕೆಸರು, ಕೊಂಬೆ ಎಲ್ಲ ಸೇರಿಸಿ ಹೊಳೆಗೆ ಅಡ್ಡ ಕಟ್ಟಿದೆ. ಒಡ್ಡಿನ ಮೇಲೆ ಬಿಲ್ಲೆ ಇಟ್ಟು ತೆಗೆದಿದ್ದಾರೆ. ನಿಜವಾದ ಬೀವರ್ ಕಾಣಿಸುವುದಿಲ್ಲ. ಮೂರು ಗಂಟೆ ಕಾದರೂ ಬರಲಿಲ್ಲವಂತೆ, ಬಾಲ ನೀರಿಗೆ ಬಡಿದ ಸದ್ದು ಮಾತ್ರ ಕೇಳಿಸಿತಂತೆ. ನೀನು ಕಟ್ಟಿದ್ದರೆ ಇನ್ನೂ ನೇರವಾಗಿ ಇರುತ್ತಿತ್ತು. ಆದರೆ ನೀರು ನಿಂತಿದೆ, ಅಷ್ಟು ಸಾಕು.

ಬೀವರ್ ಹಲ್ಲು ಯಾಕೆ ಕಿತ್ತಳೆ ಬಣ್ಣ ಎಂದು ಅಮ್ಮನನ್ನು ಕೇಳಿದೆ. ಅದರಲ್ಲಿ ಕಬ್ಬಿಣ ಇದೆಯಂತೆ. ಅಮ್ಮನ ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹದಿನಾರು ಇದೆ, ಎಲ್ಲ ಬಿಳಿಯೇ. ಕಿತ್ತಳೆ ಯಾರೂ ಕೇಳುವುದಿಲ್ಲ.

ನನಗೆ ಈಗ ಹಲ್ಲಿಗೆ ತಂತಿ ಹಾಕಿದ್ದಾರೆ. ನಿನಗೆ ಉಳಿ ಎಂದು ಕರೆಯಲು ಆಗುವುದಿಲ್ಲವೇನೋ. ಆದರೂ ಹಾಗೇ ಕರೆ.

ಒಂದು ಪ್ರಶ್ನೆ ಇತ್ತು. ಪತ್ರದಲ್ಲಿ ಕೇಳುವುದಿಲ್ಲ.

ಇಂತಿ ಮೂಗಿನ ಮೇಲೆ ಶಾಯಿ ಮಾಡಿಕೊಂಡಿರುವ,
ಉಳಿ


ಜುಲೈ 21

ಮಾವ,

ಹೊಸ ಆದೇಶ ಬಂದಿದೆ, ಹಳೆಯ ಷರತ್ತುಗಳೆಲ್ಲ ರದ್ದಾದವು. ಅಧಿಕಾರಿ ಕೊನೆಯ ಸಲ ಬಂದು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡು ಹೋದರು. ಬಾಗಿಲಲ್ಲಿ ನಿಂತು, "ನಾನು ಬರೆದಿದ್ದೆಲ್ಲ ನಿಮ್ಮ ಪರವಾಗೇ ಇತ್ತು" ಎಂದರು. "ಗೊತ್ತಿತ್ತು" ಎಂದೆ. ಗೊತ್ತಿರಲಿಲ್ಲ. ಅವರು ಹೋದ ಮೇಲೆ ಒಲೆಯ ಗುಂಡಿಗಳನ್ನು ನಾನೇ ಒಂದು ಸಲ ತಿರುಗಿಸಿ ನೋಡಿದೆ, ಅಭ್ಯಾಸಬಲ.

ನಿಮ್ಮ ಏಪ್ರಿಲ್ ಪತ್ರಕ್ಕೆ ನಾನು ಹಲವು ಉತ್ತರ ಬರೆದೆ. ಒಂದರಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಯಾವುದನ್ನೂ ಕಳಿಸಲಿಲ್ಲ. ನೀವು ಹೇಳಿಕೆ ತಿದ್ದಿದ್ದು ನನಗೆ ಒಳ್ಳೆಯದಾಯಿತು. ಆದರೆ ಹೋದ ಮೂರು ವರ್ಷ ಹೋದವು. ಎರಡನ್ನೂ ಒಂದೇ ಪತ್ರದಲ್ಲಿ ಹೇಳುತ್ತಿದ್ದೇನೆ, ಯಾವುದು ಮೊದಲು ಎಂದು ತಿಳಿಯದೆ.

ಬಿಲ್ಲೆ ಈಗ ದಕ್ಷಿಣಕ್ಕೆ ತಿರುಗಿದೆ. ಕಾಲುವೆಯ ದಂಡೆಯಲ್ಲಿ ಹಳೆಯ ತೂಬಿನ ಪಕ್ಕದ ಡಬ್ಬಿಯಲ್ಲಿದೆ. ನಿಮ್ಮ ಊರಿಗೂ ನಮ್ಮ ಊರಿಗೂ ಸರಿಯಾಗಿ ನಡುವೆ, ರೈಲಿನಲ್ಲಿ ಮೂರು ಗಂಟೆ. ಆಗಸ್ಟಿನ ಮೊದಲ ಶನಿವಾರ ಹನ್ನೊಂದಕ್ಕೆ ನಾನೂ ಉಳಿಯೂ ಅಲ್ಲಿ ಹುಡುಕುತ್ತಿರುತ್ತೇವೆ. ಅದು ಸಾರ್ವಜನಿಕ ಜಾಗ, ಯಾರು ಬೇಕಾದರೂ ಬಂದು ಹುಡುಕಬಹುದು.

ಮಂಡಿಗೆ ಹಾಕಿಕೊಳ್ಳಲು ಪಟ್ಟಿ ಸಿಗುತ್ತದೆ, ಹಾಕಿಕೊಂಡು ಬನ್ನಿ.

ಉಳಿಯ ಅಮ್ಮ


ಆಗಸ್ಟ್ 9

ಮಗಳೇ,

ನೀನೂ ಅಲ್ಲೇ ಇದ್ದೆ, ಎಲ್ಲವನ್ನೂ ಕಂಡೆ. ಡಬ್ಬಿ ಸಿಕ್ಕಿದ್ದು, ಬಿಲ್ಲೆ ಇಲ್ಲದ್ದು, ಅರ್ಧ ಗಂಟೆಯ ಹಿಂದೆಯಷ್ಟೇ ಯಾರೋ ಹಡಗಿನ ಅಡುಗೆಯವನು ರುಜು ಹಾಕಿ ಅದನ್ನು ಒಯ್ದದ್ದು. ನಾನು ಮೋರೆ ಸಣ್ಣದು ಮಾಡಿಕೊಂಡೆ. ಉಳಿ ಮಾತ್ರ, "ಹೋಗ್ಲಿ ಬಿಡು ತಾತ, ಅದು ಇದುವರೆಗೆ ಹಡಗು ಹತ್ತಿರಲಿಲ್ಲ" ಎಂದಳು. ಎಷ್ಟು ಉದ್ದವಾಗಿದ್ದಾಳೆ. ನನ್ನ ಹೆಗಲಿನವರೆಗೂ ಬರುತ್ತಾಳೆ.

ನೀನು ಕಾಣದಿದ್ದ ಇಪ್ಪತ್ತು ನಿಮಿಷವಿದೆ. ಬೇಕೆಂದೇ ಎದ್ದು ಹೋದೆಯೋ, ನಿಜವಾಗಿಯೂ ರೈಲಿನ ವೇಳೆ ಕೇಳಲು ಹೋದೆಯೋ, ನಾನು ಕೇಳುವುದಿಲ್ಲ. ನೀನು "ನಿಲ್ದಾಣಕ್ಕೆ ಹೋಗ್ಬರ್ತೀನಿ" ಎಂದೆ. ನಾನು "ಹೋಗ್ಬಾ, ನಾನಿದ್ದೀನಿ" ಎಂದೆ. ಆ ಹೊತ್ತಿನಲ್ಲಿ ಆಡಿದ ಮಾತು ನಿನಗೆ ಸೇರಬೇಕಾದದ್ದು. ಅದನ್ನು ಇದ್ದಂತೆ ಬರೆಯುತ್ತೇನೆ.

ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಅವಳು ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದಳು.

"ತಾತ, ತಿಂಗಳು ತಿಂಗಳು ಮನೆ ನೋಡೋಕೆ ಬರ್ತಿದ್ದ ಆ ಆಂಟಿ ಬರೋದು ಯಾಕೆ ನಿಲ್ಲಿಸಿದ್ರು?"

"ಅಮ್ಮ ಏನಂದ್ಲು?"

"ತಾತನ್ನೇ ಕೇಳು ಅಂದ್ಲು."

ನಾನು ಅವಳ ಕಡೆ ತಿರುಗಿ ಕೂತೆ.

"ನಿನಗೆ ಜ್ವರ ಬಂದ ದಿನ ನಿನ್ನನ್ನ ನೋಡ್ಕೋಬೇಕಾಗಿದ್ದವನು ನಾನು. ಅಮ್ಮ ನನಗೆ ಹೇಳೇ ಔಷಧಿ ತರೋಕೆ ಹೋಗಿದ್ಲು. ನಾನು ಮೇಲೆ ಬರಲಿಲ್ಲ. ಆಮೇಲೆ ಕೇಳಿದವರಿಗೆ, ಅವಳು ಹೇಳೇ ಇಲ್ಲ ಅಂದೆ. ಅದಕ್ಕೇ ಆ ಆಂಟಿ ಬರ್ತಿದ್ರು. ಈಗ ನಿಜ ಹೇಳಿದೆ, ಅದಕ್ಕೇ ನಿಲ್ಲಿಸಿದ್ರು."

ಅವಳು ಮಣಿಕಟ್ಟಿನ ಕಲೆ ನೋಡಿಕೊಂಡಳು. ಅಂಗಿಯ ತೋಳನ್ನು ಕೆಳಗೆಳೆದು ಮುಚ್ಚಿದಳು.

"ಅಮ್ಮ ನನ್ನ ಬಿಟ್ಟು ಹೋಗಿರಲಿಲ್ವಾ?"

"ಇಲ್ಲ. ನನ್ನ ಹತ್ರ ಬಿಟ್ಟು ಹೋಗಿದ್ಲು."

"ನಾನು ಆ ಆಂಟಿಗೆ ಪ್ರತಿ ಸಲ ಇಲ್ಲ ಅಂತಾನೇ ಹೇಳ್ತಿದ್ದೆ. ಆದ್ರೆ ಒಂದು ಸಲ ಹೋಗಿದ್ಲು ಅಂತ ನನಗೆ ಗೊತ್ತಿತ್ತು, ಅದನ್ನ ಮುಚ್ಚಿಡ್ತಿದ್ದೀನಿ ಅಂದ್ಕೊಂಡಿದ್ದೆ." ಕಿತ್ತಳೆಯ ಇನ್ನೊಂದು ಸಿಪ್ಪೆ ಸುಲಿದು ಕೇಳಿದಳು, "ನೀನು ಏನ್ ಮಾಡ್ತಿದ್ದೆ?"

"ಒಂದು ಬಾಗಿಲಿಗೆ ಕೀಲು ಕೂರಿಸ್ತಿದ್ದೆ."

"ಯಾರ ಮನೆ ಬಾಗಿಲು?"

"ನೆನಪಿಲ್ಲ."

"ಅದೂ ನೆನಪಿಲ್ವಾ?"

"ಇಲ್ಲ ಮಗಾ."

ಅವಳು ಬೆಂಚಿನ ಮೇಲೆ ಆಚೆ ಸರಿದು ಕೂತಳು. ಒಂದು ಗೇಣು. ಕಣ್ಣಳತೆಯಲ್ಲಿ ನಾನು ತಪ್ಪುವುದಿಲ್ಲ. ಆಮೇಲೆ ಕಿತ್ತಳೆಯನ್ನು ಬಿಡಿಸಿ ಅರ್ಧ ಕೊಟ್ಟಳು, ಆದರೆ ಸರಿದಲ್ಲಿಂದ ಹತ್ತಿರ ಬರಲಿಲ್ಲ. ಕೈ ಮಾತ್ರ ಚಾಚಿದಳು. ನಾನು ತಿಂದೆ. ನೀನು ಬರುವುದು ಕಂಡಾಗ ಅವಳು ಎದ್ದು ಓಡಿ ಬಂದು ನಿನ್ನ ಕೈ ಹಿಡಿದುಕೊಂಡಳಲ್ಲ, ಹನ್ನೊಂದು ವರ್ಷದವಳು, ಯಾಕೆ ಹಿಡಿದಳೆಂದು ನಿನಗೆ ಆಗ ತಿಳಿದಿರಲಿಕ್ಕಿಲ್ಲ.

ಅವಳು ನನ್ನ ಮೇಲೆ ಎಷ್ಟು ದಿನ ಮುನಿಸಿಕೊಂಡರೂ ನೀನು ಸಮಾಧಾನ ಮಾಡಲು ಹೋಗಬೇಡ. ಅದು ಅವಳ ಲೆಕ್ಕಕ್ಕೆ ಬಿಟ್ಟದ್ದು.

ಮಾವ


ಸೆಪ್ಟೆಂಬರ್ 5

ಮಾವ,

ಉಳಿ ನಾಲ್ಕು ವಾರ ನಿಮ್ಮ ಮಾತೇ ಎತ್ತಲಿಲ್ಲ. ಹೋದ ಭಾನುವಾರ ಹೋಂವರ್ಕ್ ಮಾಡುತ್ತಾ, "ತಾತನ ಮಂಡಿ ಹೇಗಿದೆಯಂತೆ?" ಎಂದಳು. "ನೀನೇ ಕೇಳು" ಎಂದೆ. "ನೋಡೋಣ" ಎಂದಳು. ಸದ್ಯಕ್ಕೆ ಅಷ್ಟೇ. ಬಿಲ್ಲೆ ಸಮುದ್ರದ ಮೇಲಿದೆಯಂತೆ. ಅಡುಗೆಯವನು ಅದನ್ನು ಆಲೂಗಡ್ಡೆಯ ಮೂಟೆಯ ಮೇಲಿಟ್ಟು ಫೋಟೋ ಹಾಕಿದ್ದಾನೆ.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ಗುರುವಾರ ಲ್ಯಾಬಿನಲ್ಲಿ ಒಬ್ಬ ಮುದುಕಿಯ ಪೂರ್ತಿ ಕಟ್ಟುಹಲ್ಲು ಮರುದಿನ ಬೆಳಿಗ್ಗೆಯೇ ಬೇಕಾಗಿತ್ತು. ಮಗನನ್ನು ನೋಡಲು ದೂರದ ಊರಿಗೆ ಹೊರಟಿದ್ದರು, ಬಾಯಿ ಬೋಳಾಗಿ ಹೇಗೆ ಹೋಗುವುದು ಎಂದು ಅಳುತ್ತಿದ್ದರಂತೆ. ಮೇಲಿನ ಸಾಲು ಮುಗಿಸಿದ್ದೆ, ಕೆಳಗಿನದು ಮೇಣದಲ್ಲೇ ಇತ್ತು. ಗಡಿಯಾರ ನೋಡಿದೆ. ಎದ್ದು ಏಪ್ರನ್ ಬಿಚ್ಚಿದೆ. ಆಮೇಲೆ ನೆನಪಾಯಿತು, ಈಗ ಹಾಗೆ ಓಡಬೇಕಿಲ್ಲ.

ಉಳಿಗೆ ಫೋನ್ ಮಾಡಿದೆ. "ಒಂದು ಗಂಟೆ ತಡ ಆಗುತ್ತೆ. ನೀನೊಬ್ಬಳೇ ಇರಬೇಕಾಗುತ್ತೆ. ಇರ್ತೀಯಾ?"

"ಹ್ಞೂಂ. ಕಿಟಕಿ ತೆಗೀಲಾ? ಸೆಕೆ."

"ತೆಗಿ."

"ಸರಿ. ಇಡ್ಲಾ? ಲೆಕ್ಕ ಅರ್ಧಕ್ಕೆ ನಿಂತಿದೆ."

ಅವಳೇ ಮೊದಲು ಫೋನ್ ಇಟ್ಟಳು. ನಾನು ಏಪ್ರನ್ ಮತ್ತೆ ಕಟ್ಟಿಕೊಂಡು ಕೂತೆ. ಮೊದಲ ಹತ್ತು ನಿಮಿಷ ಕೈ ಓಡಲಿಲ್ಲ. ಒಲೆ, ಬಾಗಿಲು, ಮೆಟ್ಟಿಲು ಎಂದು ಎಣಿಸುತ್ತಿದ್ದೆ. ಆಮೇಲೆ ಯಾವಾಗಲೋ ಕೆಲಸದೊಳಗೆ ಇಳಿದುಬಿಟ್ಟೆ. ಕೆಳಗಿನ ಸಾಲಿನ ಒಂದು ಹಲ್ಲನ್ನು ಬೇಕೆಂದೇ ಕೊಂಚ ವಾರೆಯಾಗಿ ಕೂರಿಸಿದೆ. ಎಲ್ಲ ನೇರವಾಗಿದ್ದರೆ ಅವರದೇ ಹಲ್ಲೆಂದು ಅನಿಸುವುದಿಲ್ಲ. ಇಂಥ ಕೆಲಸಕ್ಕೆ ನನಗೆ ಮೂರು ವರ್ಷದಿಂದ ಹೊತ್ತೇ ಸಿಕ್ಕಿರಲಿಲ್ಲ.

ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದಾಗ ಮೇಲಿನ ಕಿಟಕಿ ತೆರೆದಿತ್ತು. ಓಡಬಾರದು ಎಂದುಕೊಂಡು ನಡೆದೇ ಹೋದೆ. ಬಾಗಿಲು ತೆರೆದರೆ ಅವಳು ನೆಲದ ಮೇಲೆ ಬೋರಲು ಮಲಗಿ ಲೆಕ್ಕ ಮಾಡುತ್ತಿದ್ದಳು. ತಲೆಯೆತ್ತದೆ, "ಬಂದ್ಯಾ? ಆರನೇದು ಬರ್ತಿಲ್ಲ" ಎಂದಳು. ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಆರನೆಯದು ನನಗೂ ಬರಲಿಲ್ಲ.

ಏನೂ ಆಗಲಿಲ್ಲ, ಮಾವ. ಒಂದು ಗಂಟೆ ಹತ್ತು ನಿಮಿಷ ಅವಳು ಮನೆಯಲ್ಲಿ ಒಬ್ಬಳೇ ಇದ್ದಳು, ಏನೂ ಆಗಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳಿದರೆ ಇದು ಸುದ್ದಿಯೆಂದು ಅರ್ಥವಾಗುವವರು ನೀವೊಬ್ಬರೇ.

ಉಳಿಯ ಅಮ್ಮ